ಕೇಸ್ ಪೇಪರಿನ ಆ ಒಂದು ಸಾಲು

ನನ್ನ ಸೋದರಮಾವನಿಗೆ ಕರುಳಿನ ಕ್ಯಾನ್ಸರ್ ಎಂದು ಗೊತ್ತಾದಾಗ ನಮ್ಮ ಮನೆಯವರು ಮಾಡಿದ ಮೊದಲ ಕೆಲಸವೆಂದರೆ ಅದಕ್ಕೆ ಬೇರೊಂದು ಹೆಸರು ಹುಡುಕಿದ್ದು. ಇಡೀ ಒಂದು ದಿನ ಚರ್ಚೆ ಮಾಡಿ ‘ಹರ್ನಿಯಾ’ ಎಂದು ತೀರ್ಮಾನಿಸಿದರು. ಮೂಲವ್ಯಾಧಿ ಎಂದುಬಿಡೋಣ ಎಂದು ಯಾರೋ ಸೂಚಿಸಿದ್ದರಂತೆ, ಅತ್ತೆ ಒಪ್ಪಲಿಲ್ಲವಂತೆ. ಮಾವನಿಗೆ ವಡೋದರಾದ ಅಲ್ಕಾಪುರಿಯಲ್ಲಿ ಹೋಟೆಲಿತ್ತು. ಬೆಳಿಗ್ಗೆ ಇಡ್ಲಿ ದೋಸೆ, ಮಧ್ಯಾಹ್ನ ಊಟ. ಹೊಟ್ಟೆ ಕೆಟ್ಟವನ ಹೋಟೆಲಿನಲ್ಲಿ ಯಾರು ಉಣ್ಣುತ್ತಾರೆ ಎಂಬುದು ಅವರ ಭಯ. ಹರ್ನಿಯಾವಾದರೆ ಭಾರ ಎತ್ತಿ ಬಂದದ್ದು, ದುಡಿದವನ ಕಾಯಿಲೆ, ಮರ್ಯಾದೆಗೆ ಕುಂದಿಲ್ಲ. ಫೋನಿನಲ್ಲಿ ಅಮ್ಮ ಇದನ್ನೆಲ್ಲ ಹೇಳುವಾಗ ನನಗೆ ಅಳುವೂ ನಗುವೂ ಒಟ್ಟಿಗೇ ಬಂದಿತ್ತು.

ನಾನು ಆಗ ಅಹಮದಾಬಾದಿನಲ್ಲಿದ್ದೆ. ನರೋಡಾದ ಒಂದು ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ. ಬಟ್ಟೆಗೆ ಹಾಕುವ ಬಣ್ಣದ ಪ್ರತಿ ಬ್ಯಾಚಿನಿಂದ ಒಂದು ಚಮಚದಷ್ಟು ತಂದು ಪರೀಕ್ಷೆ ಮಾಡಿ, ಸರಿಯಿದ್ದರೆ ಸಹಿ ಹಾಕುವುದು. ಸರಿಯಿಲ್ಲದಿದ್ದರೆ ಸೂಪರ್‌ವೈಸರನ ಜೊತೆ ಜಗಳ. ಜಗಳದಲ್ಲಿ ನನಗೆ ಒಳ್ಳೆಯ ಹೆಸರಿತ್ತು. ವಡೋದರಾದಲ್ಲಿ ಶಸ್ತ್ರಚಿಕಿತ್ಸೆಯಾದರೆ ಸುದ್ದಿ ಹೋಟೆಲಿಗೆ ಮುಟ್ಟುತ್ತದೆ ಎಂದು ಮಾವ ಮತ್ತು ಅತ್ತೆ ಅಹಮದಾಬಾದಿಗೆ ಬಂದರು, ನನ್ನ ಎರಡು ಕೋಣೆಯ ಬಾಡಿಗೆ ಫ್ಲ್ಯಾಟಿನಲ್ಲೇ ಉಳಿದರು. ಗಡ್ಡೆ ತೆಗೆದಾಯಿತು, ಗಾಯ ಒಣಗಿತು. ಆಮೇಲೆ ಕೀಮೋ. ತಿಂಗಳಿಗೊಂದು ಕೋರ್ಸ್, ಒಂದೊಂದು ಕೋರ್ಸಿನಲ್ಲಿ ದಿನಕ್ಕೊಂದರಂತೆ ಐದು ದಿನ ಇಂಜೆಕ್ಷನ್, ಹೀಗೆ ಆರು ಕೋರ್ಸ್.

ಮೊದಲ ದಿನ ಕೇಸ್ ಪೇಪರ್ ತುಂಬಬೇಕಿತ್ತು. ಇಂಗ್ಲಿಷಿನಲ್ಲಿದ್ದುದರಿಂದ ಪೆನ್ನು ನನ್ನ ಕೈಗೆ ಬಂತು. ವಯಸ್ಸು, ಎತ್ತರ, ತೂಕ, ಸಕ್ಕರೆ ಕಾಯಿಲೆ ಇದೆಯೇ, ಎಲ್ಲ ಬರೆದೆ. ಒಂದು ಸಾಲಿನಲ್ಲಿ ಕೇಳಿದ್ದರು: ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಈ ಕಾಯಿಲೆ ಇತ್ತೇ, ಚಿಕಿತ್ಸೆಯಿಂದ ತೊಂದರೆಯಾಗಿತ್ತೇ? ನನ್ನ ಪೆನ್ನು ನಿಂತಿತು. ಎರಡು ವರ್ಷದ ಹಿಂದೆ ಮುಂಬಯಿಯಲ್ಲಿ ತೀರಿಕೊಂಡ ದೊಡ್ಡಮ್ಮ, ಅಂದರೆ ಮಾವನ ಅಕ್ಕ, ಇದೇ ಕಾಯಿಲೆಯಿಂದ ಹೋದದ್ದು. ಊರಿಗೆಲ್ಲ ಕಾಮಾಲೆ ಎಂದು ಹೇಳಿದ್ದರು. ನನಗೆ ನಿಜ ಗೊತ್ತಿತ್ತು, ಅರ್ಧ ಮಾತ್ರ.

“ದೊಡ್ಡಮ್ಮಂದು ಬರೀಬೇಕಲ್ಲ ಮಾವ?” ಎಂದೆ.

ಮಾವ ಉತ್ತರ ಕೊಡುವ ಮೊದಲು ಮೊಗಸಾಲೆಯ ಆಚೆಗೆ ನೋಡಿದರು. ಅಲ್ಲಿ ಆಸ್ಪತ್ರೆಯ ಕ್ಯಾಂಟೀನಿನ ಕೌಂಟರ್. ನಡೆಸುತ್ತಿದ್ದವರು ನಮ್ಮ ಕಡೆಯವರೇ, ಕುಂದಾಪುರದ ಹತ್ತಿರದವರು. ಗುಜರಾತಿನಲ್ಲಿ ನಮ್ಮ ಕಡೆಯ ಹೋಟೆಲಿನವರೆಲ್ಲ ಒಂದೇ ಮನೆಯವರಿದ್ದ ಹಾಗೆ. ಸೂರತ್ತಿನಲ್ಲಿ ಒಬ್ಬರು ಸೀನಿದರೆ ವಡೋದರಾದವರು ಕಷಾಯಕ್ಕೆ ನೀರಿಡುತ್ತಾರೆ. ಅದೊಂದು ಸುಖ, ಅದೇ ಶನಿ ಕೂಡ.

“ಎಂತ ಬೇಡ. ಇಲ್ಲ ಅಂತ ಬರಿ,” ಎಂದರು. “ಆ ಕಾಗ್ದ ಹತ್ತು ಜನರ ಕೈಗೆ ಹೋಗ್ತದೆ.”

“ಡಾಕ್ಟರಿಗೆ ಮಾತ್ರ ಅಲ್ವಾ?”

“ಬರಿ ಅಂದೆ ಅಲ್ಲ ಮಾರಾಯ್ತಿ.”

ನಾನು ‘ಇಲ್ಲ’ ಎಂದು ಬರೆದೆ. ಕಾರ್ಖಾನೆಯಲ್ಲಿ ಬಣ್ಣ ಒಂದು ಎಳೆ ಹೆಚ್ಚುಕಡಿಮೆಯಾದರೂ ಸಹಿ ಹಾಕದವಳು, ಅಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದು ಕೆಳಗೆ ಸಹಿಯನ್ನೂ ಹಾಕಿದೆ. ಹಿರಿಯರ ಮಾತು ಎಂದು ಆಗ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಇಂಜೆಕ್ಷನ್ನಿನ ಕೋಣೆಯಲ್ಲಿ ಮಾವನ ಪಕ್ಕದ ಕುರ್ಚಿ ಸೂರತ್ತಿನವರೊಬ್ಬರದು. ವಜ್ರ ಉಜ್ಜುವ ಕೆಲಸ, ಮಾವನದೇ ವಯಸ್ಸು, ಹೆಚ್ಚುಕಡಿಮೆ ಅದೇ ಎತ್ತರ, ಅದೇ ತೂಕ. ಕಾಯಿಲೆಯೂ ಅದೇ, ಮದ್ದೂ ಅದೇ, ಡೋಸೂ ಅದೇ. ಇಬ್ಬರೂ ಒಂದೇ ಸೋಮವಾರ ಶುರು ಮಾಡಿದರು. ಹಿಂದಿಯಲ್ಲಿ ಹೋಟೆಲು, ವಜ್ರ, ಕ್ರಿಕೆಟ್ಟು ಎಂದು ಮಾತಾಡಿಕೊಂಡು ಮೊದಲ ಎರಡು ದಿನ ಚೆನ್ನಾಗಿಯೇ ಕಳೆದರು. ಮೂರನೆಯ ದಿನ ಮಾವ ಮಾತು ಕಡಿಮೆ ಮಾಡಿದರು. ನಾಲ್ಕನೆಯ ದಿನ ಕಾಫಿ ಬೇಡವೆಂದರು. ಮಾವ ಕಾಫಿ ಬೇಡವೆಂದದ್ದನ್ನು ನಾನು ಹುಟ್ಟಿದ ಮೇಲೆ ಕೇಳಿರಲಿಲ್ಲ. ಏನಾಯಿತು ಎಂದರೆ “ಎಂತ ಇಲ್ಲ” ಎಂದರು. ಐದನೆಯ ದಿನ ಸೂರತ್ತಿನವರು ಇಂಜೆಕ್ಷನ್ ಮುಗಿಸಿ, ಡಬ್ಬಿಯಿಂದ ಖಮಣ್ ಎಂಬ ಕಡಲೆಹಿಟ್ಟಿನ ತಿಂಡಿ ತೆಗೆದು, ಹಸಿಮೆಣಸಿನಕಾಯಿ ಕಚ್ಚಿಕೊಂಡು ತಿಂದರು. “ಮಜಾಮಾ, ಬೆನ್!” ಆರಾಮಾಗಿದ್ದೇನೆ ತಂಗಿ, ಎಂದು ನನ್ನ ಕಡೆ ನಕ್ಕರು. ಮಾವ ಮುಖ ತಿರುಗಿಸಿ ಗೋಡೆ ನೋಡುತ್ತಿದ್ದರು.

ಮರುದಿನ ಬೆಳಿಗ್ಗೆ ಮುಖ ತೊಳೆಯುವಾಗ ಮಾವ ಬಾಯಿ ತೆರೆದದ್ದು ನನ್ನ ಕಣ್ಣಿಗೆ ಬಿತ್ತು. ಒಳಗೆಲ್ಲ ಬಿಳಿ ಹುಣ್ಣು. ನಾಲಿಗೆಯ ಅಂಚು ಕಿತ್ತುಹೋದಂತಿತ್ತು.

“ಯಾವತ್ತಿಂದ ಇದು?” ಎಂದು ಕೂಗಿದೆ.

“ಮೂರ್ನೇ ದಿವ್ಸದಿಂದ.”

“ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ? ನಾನು ದಿನಾ ಕೇಳ್ಲಿಲ್ವಾ?”

ಅವರು ಬಾಯಿ ಮುಚ್ಚಿಕೊಂಡು ಟವೆಲಿನಿಂದ ಮುಖ ಒರೆಸಿಕೊಂಡರು. ಈ ಮನುಷ್ಯ ದಿನಾ ಬೆಳಿಗ್ಗೆ ಹೋಟೆಲಿನಲ್ಲಿ ಸಾಂಬಾರಿನ ಮೊದಲ ಸೌಟನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿ, ಸರಿ ಎಂದ ಮೇಲೆಯೇ ಬಾಗಿಲು ತೆರೆಯುವುದು. ಉಪ್ಪು ಒಂದು ಕಲ್ಲು ಹೆಚ್ಚಾದರೂ ಅಡುಗೆಯವರ ಏಳು ತಲೆಮಾರನ್ನು ಎತ್ತಾಡುವ ಬಾಯಿ, ತನ್ನದೇ ನೋವಿಗೆ ಬೀಗ ಹಾಕಿಕೊಂಡು ಕೂತಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು.

ಅತ್ತೆಯ ಪ್ರಕಾರ ಇದೆಲ್ಲ ಉಷ್ಣ. ಅಹಮದಾಬಾದಿನ ನೀರು, ನನ್ನ ಕೈಯ ಖಾರದ ಸಾರು, ಫ್ಲ್ಯಾಟಿನ ಪಶ್ಚಿಮದ ಬಿಸಿಲು, ಎಲ್ಲದರ ಮೇಲೂ ತಪ್ಪು ಹೊರಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಬಾರ್ಲಿ ನೀರು, ಎಳನೀರು, ಮಜ್ಜಿಗೆಗೆ ನೆನೆಸಿದ ಮೆಂತೆ, ಒಂದಾದ ಮೇಲೊಂದು ಕೊಟ್ಟರು. ಯಾವುದೂ ಗಂಟಲಿನಲ್ಲಿ ಇಳಿಯಲಿಲ್ಲ, ಇಳಿದದ್ದು ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಲೆಕ್ಕವಿಲ್ಲದಷ್ಟು ಸಲ ಭೇದಿ. “ಆಸ್ಪತ್ರೆಗೆ ಹೋಗುವ” ಎಂದರೆ, “ಉಷ್ಣಕ್ಕೆ ಆಸ್ಪತ್ರೆ ಎಂತಕ್ಕೆ?” ಎಂದು ಅತ್ತೆ. ಎರಡು ದಿನ ಹೀಗೇ ಹೋಯಿತು. ಕೊನೆಗೆ ಮೈ ಕೆಂಡದಂತೆ ಸುಟ್ಟು, ಮಾವ ಬಚ್ಚಲಿನ ಬಾಗಿಲಲ್ಲಿ ಕುಸಿದು ಕೂತಾಗ ನಾನು ಯಾರನ್ನೂ ಕೇಳದೆ ರಿಕ್ಷಾ ಕರೆದೆ.

ರಕ್ತದಲ್ಲಿನ ಬಿಳಿಕಣಗಳು ಪಾತಾಳಕ್ಕೆ ಇಳಿದಿದ್ದವು. ಎರಡು ವಾರ ವಾರ್ಡಿನಲ್ಲಿದ್ದರು. ಮೊದಲ ಕೆಲವು ದಿನ ಅವರು ಉಳಿಯುವುದೇ ಖಾತ್ರಿಯಿರಲಿಲ್ಲ. ಕಿರಿಯ ಡಾಕ್ಟರನ್ನು ಹಿಡಿದು ನಿಲ್ಲಿಸಿ, ಹೀಗೇಕಾಯಿತು ಎಂದು ಕೇಳಿದೆ. “ಕೀಮೋದಲ್ಲಿ ಎಲ್ಲರಿಗೂ ಆಗುತ್ತದೆ,” ಎಂದರು. ಎಲ್ಲರಿಗೂ ಆಗಿಲ್ಲ, ಪಕ್ಕದ ಕುರ್ಚಿಯವರು ಖಮಣ್ ತಿಂದುಕೊಂಡು ಸೂರತ್ತಿಗೆ ಹೋದರು ಎಂದೆ. “ಕೆಲವರಿಗೆ ಹೆಚ್ಚು, ಕೆಲವರಿಗೆ ಕಡಿಮೆ,” ಎಂದು ಅವರು ಮುಂದಿನ ಹಾಸಿಗೆಗೆ ಹೋದರು. ಏಕೆ ಹೆಚ್ಚು, ಏಕೆ ಕಡಿಮೆ? ಇದನ್ನು ಕೇಳಿದಾಗಲೆಲ್ಲ ನನಗೆ ಸಿಕ್ಕಿದ್ದು ಒಂದೋ ಬೆನ್ನು, ಇಲ್ಲವೇ ‘ದೇವರ ಇಚ್ಛೆ’. ನರ್ಸ್ ಅದನ್ನೇ ಹೇಳಿದರು, ಅತ್ತೆಯೂ ಅದನ್ನೇ ಹೇಳಿದರು. ದೇವರಿಗೆ ಆ ವಾರ್ಡಿನಲ್ಲಿ ಬಹಳ ಕೆಲಸವಿತ್ತು.

ಅಷ್ಟರಲ್ಲಿ ಸೂರತ್ತಿನವರು ರಕ್ತ ಪರೀಕ್ಷೆಗೆಂದು ಬಂದವರು ಮಾವನನ್ನು ನೋಡಲು ವಾರ್ಡಿಗೆ ಬಂದರು. ಮಾವ ನಿದ್ದೆಯಲ್ಲಿದ್ದರು. ಅವರು ಹಾಸಿಗೆಯ ಕಾಲಬಳಿ ಬಹಳ ಹೊತ್ತು ನಿಂತು, ಆಮೇಲೆ ನನಗೆ ಹಿಂದಿಯಲ್ಲಿ ಹೇಳಿದರು: “ಬೆನ್, ನಮ್ಮಲ್ಲಿ ಎರಡು ಕಲ್ಲು ಒಂದೇ ತೂಕ ಇರುತ್ತವೆ. ಒಂದೇ ಚಕ್ರಕ್ಕೆ ಹಿಡಿದರೆ ಒಂದು ಹೊಳೆಯುತ್ತದೆ, ಇನ್ನೊಂದು ಸೀಳುತ್ತದೆ. ಅದಕ್ಕೇ ಚಕ್ರಕ್ಕೆ ಕೊಡುವ ಮೊದಲು ಕಲ್ಲಿನ ಒಳಗೆ ನೋಡುತ್ತೇವೆ.” ಇಷ್ಟು ದಿನದಲ್ಲಿ ನನ್ನ ಪ್ರಶ್ನೆಯನ್ನು ಪ್ರಶ್ನೆಯೆಂದು ತಿಳಿದ ಮನುಷ್ಯ ಅವರೊಬ್ಬರೇ.

ಭಾನುವಾರ ಸೈಬರ್ ಕೆಫೆಗೆ ಹೋಗಿ ಕೂತೆ. ಒಂದು ಪುಟ ತೆರೆಯುವಷ್ಟರಲ್ಲಿ ಒಂದು ಲೋಟ ಚಹಾ ಮುಗಿಯುತ್ತಿದ್ದ ಕಾಲ ಅದು. ಮಾವನಿಗೆ ಕೊಟ್ಟ ಮದ್ದಿನ ಹೆಸರು ಹಾಕಿ ಹುಡುಕಿದೆ. ಅರ್ಧ ಅರ್ಥವಾಗಲಿಲ್ಲ, ಆದರೆ ಅರ್ಥವಾದ ಅರ್ಧವೇ ಸಾಕಾಗಿತ್ತು. ಈ ಮದ್ದು ಒಳಗೆ ಹೋದ ಮೇಲೆ ಅದನ್ನು ಒಡೆದು ಹೊರಹಾಕಲು ದೇಹದಲ್ಲಿ ಒಂದು ಕಿಣ್ವ ಬೇಕು. ಕೆಲವರಿಗೆ ಹುಟ್ಟಿನಿಂದಲೇ ವಂಶವಾಹಿಯಲ್ಲಿ ಸಣ್ಣ ವ್ಯತ್ಯಾಸವಿದ್ದು ಆ ಕಿಣ್ವ ಕಡಿಮೆ ಇರುತ್ತದೆ. ಬಚ್ಚಲಿನ ತೂತು ಚಿಕ್ಕದಿದ್ದ ಹಾಗೆ. ಎಲ್ಲರ ಮನೆಯಲ್ಲೂ ಅಷ್ಟೇ ಕೊಡ ನೀರು ಹೊಯ್ದರೂ ಈ ಮನೆಯಲ್ಲಿ ಮಾತ್ರ ನೀರು ಹೋಗದೆ ನಿಲ್ಲುತ್ತದೆ. ಹಾಗೆ ನಿಂತ ಮದ್ದು ಬಾಯಿ, ಕರುಳು, ರಕ್ತವನ್ನೆಲ್ಲ ಸುಡುತ್ತದೆ. ಕೊನೆಯಲ್ಲಿ ಒಂದು ಮಾತಿತ್ತು: ಇದು ತಂದೆತಾಯಿಯಿಂದ ಮಕ್ಕಳಿಗೆ ಬರುವಂಥದ್ದು, ಅಣ್ಣತಮ್ಮ ಅಕ್ಕತಂಗಿಯರಲ್ಲಿ ಒಬ್ಬರಿಗಿದ್ದರೆ ಇನ್ನೊಬ್ಬರಿಗೂ ಇರಬಹುದು. ನಾನು ಕಂಪ್ಯೂಟರಿನ ಮುಂದೆಯೇ ‘ಅಯ್ಯೋ’ ಎಂದುಬಿಟ್ಟೆ. ಪಕ್ಕದವರು ತಿರುಗಿ ನೋಡಿದರು.

ಅಲ್ಲಿಂದ ನೇರ ಎಸ್‌ಟಿಡಿ ಬೂತ್. ಅಮ್ಮನಿಗೆ ಫೋನು.

“ಅಮ್ಮಾ, ದೊಡ್ಡಮ್ಮ ಹೇಗೆ ಹೋದದ್ದು?”

“ಕಾಮಾಲೆ ಅಲ್ವಾ.”

“ನನ್ನ ಹತ್ರ ಆ ಕಾಮಾಲೆ ಕತೆ ಬೇಡ!” ಗಾಜಿನ ಪೆಟ್ಟಿಗೆಯೊಳಗೆ ನಿಂತು ಕೂಗಿದೆ. ಗುಜರಾತಿನಲ್ಲಿ ಕನ್ನಡದಲ್ಲಿ ಕೂಗುವುದರಲ್ಲಿ ಒಂದು ಅನುಕೂಲವಿದೆ, ಹೊರಗಿನವರಿಗೆ ಸಿಟ್ಟು ಮಾತ್ರ ತಿಳಿಯುತ್ತದೆ. “ಕ್ಯಾನ್ಸರ್ ಅಂತ ಗೊತ್ತುಂಟು. ಇಂಜೆಕ್ಷನ್ ಕೊಟ್ಟಿದ್ರಾ? ಕೊಟ್ಟ ಮೇಲೆ ಎಂತಾಯ್ತು?”

ಅಮ್ಮ ಸಣ್ಣ ದನಿಯಲ್ಲಿ ಹೇಳಿದಳು. “ಒಂದೇ ಕೋರ್ಸು ಕೊಟ್ಟದ್ದು, ಇದೇ ಮದ್ದಂತೆ. ಬಾಯಿ ಎಲ್ಲ ಹುಣ್ಣು ಮಗಾ, ನೀರು ಸಹ ಇಳೀತಿರ್ಲಿಲ್ಲ. ಭೇದಿ ನಿಲ್ಲಲೇ ಇಲ್ಲ. ಮೂರು ವಾರ ಆಗುವ ಮೊದ್ಲೇ ಹೋದ್ಳು. ಕಾಯಿಲೆ ಜೋರಾಯ್ತು ಅಂದ್ರು. ಅಣ್ಣನೇ ಹತ್ರ ಇದ್ದದ್ದು, ಅವನಿಗೆ ಎಲ್ಲ ಗೊತ್ತುಂಟು.”

ಅವನಿಗೆ ಎಲ್ಲ ಗೊತ್ತಿತ್ತು. ಅದನ್ನು ಕೇಳಿ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅಕ್ಕನ ಬಾಯಿಯ ಹುಣ್ಣನ್ನು ಕಣ್ಣಾರೆ ಕಂಡ ಮನುಷ್ಯ, ತನ್ನ ಬಾಯಿಯಲ್ಲಿ ಅದೇ ಹುಣ್ಣು ಎದ್ದಾಗ ನನ್ನ ಎದುರು ‘ಎಂತ ಇಲ್ಲ’ ಎನ್ನುತ್ತಾ ಇನ್ನೆರಡು ದಿನ ಸೂಜಿಗೆ ಕೈ ಚಾಚಿದರಲ್ಲ! ಅದೂ ಒಂದು ಹೋಟೆಲಿನ ಹೆಸರಿಗಾಗಿ.

ಮಾವ ವಾರ್ಡಿನಿಂದ ಮನೆಗೆ ಬಂದು ಗಂಜಿ ಉಣ್ಣುವಷ್ಟಾದ ಮೇಲೆ ಎರಡನೆಯ ಕೋರ್ಸಿನ ದಿನ ಹತ್ತಿರ ಬಂತು. ಡೋಸ್ ಸ್ವಲ್ಪ ಇಳಿಸುತ್ತೇವೆ ಎಂದಷ್ಟೇ ಡಾಕ್ಟರು ಹೇಳಿ ಕಳಿಸಿದ್ದರು. ಹಿಂದಿನ ಸಂಜೆ ಊಟಕ್ಕೆ ಕೂತಾಗ ನಾನು ವಿಷಯ ಎತ್ತಿದೆ. ದೊಡ್ಡಮ್ಮನ ವಿಷಯ ನಾಳೆ ಡಾಕ್ಟರಿಗೆ ಹೇಳಲೇಬೇಕು, ಇಲ್ಲದಿದ್ದರೆ ಸ್ವಲ್ಪ ಇಳಿಸಿದ ಡೋಸೂ ನಿಮ್ಮನ್ನು ಕೊಲ್ಲಬಹುದು ಎಂದೆ.

“ಅಷ್ಟು ದೊಡ್ಡ ಡಾಕ್ಟರಿಗೆ ಗೊತ್ತಿಲ್ಲದ್ದು ನಿನಗೆ ಗೊತ್ತುಂಟಾ?” ಎಂದರು ಅತ್ತೆ. “ಒಬ್ಬರಿಗೆ ಗೊತ್ತಾದ್ರೆ ಊರಿಗೆ ಗೊತ್ತಾದ ಹಾಗೆ. ಅಕ್ಕನಿಗೂ ಅದೇ, ತಮ್ಮನಿಗೂ ಅದೇ ಅಂದ್ರೆ ವಂಶದ್ದೇ ರೋಗ ಅಂತಾರೆ.”

“ವಂಶದ್ದೇ ಅತ್ತೆ! ನಾನು ಹೇಳ್ತಾ ಇರುದೂ ಅದನ್ನೇ!” ನನ್ನ ದನಿ ಏರಿತು. “ಮಾವ, ನಿಮಗೆ ಹೋಟ್ಲು ಉಳೀಬೇಕಾ, ನೀವು ಉಳೀಬೇಕಾ?”

ಮಾವ ಗಂಜಿಯ ಬಟ್ಟಲಲ್ಲಿ ಚಮಚ ಆಡಿಸುತ್ತಾ, “ಹೋಟ್ಲಲ್ಲ ಮಾರಾಯ್ತಿ,” ಎಂದರು. ಮತ್ತೇನೋ ಹೇಳಲು ಬಾಯಿ ತೆರೆದವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಸಿಟ್ಟಿನಲ್ಲಿದ್ದವರಿಗೆ ಕಿವಿ ಇರುವುದಿಲ್ಲ.

ಬೆಳಿಗ್ಗೆ ಅವರನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ, ಸರದಿ ಬಂದಾಗ ನಾನೊಬ್ಬಳೇ ಡಾಕ್ಟರ ಕೋಣೆಗೆ ನುಗ್ಗಿದೆ. ಎಲ್ಲ ಹೇಳಿದೆ. ದೊಡ್ಡಮ್ಮ, ಅದೇ ಮದ್ದು, ಅದೇ ಹುಣ್ಣು, ಮೂರು ವಾರ. ನಮ್ಮ ಕಾರ್ಖಾನೆಯಲ್ಲಿ ಬಣ್ಣವನ್ನೂ ಮೊದಲು ಪರೀಕ್ಷೆ ಮಾಡುತ್ತೇವೆ, ಮನುಷ್ಯನಿಗೆ ಮಾತ್ರ ಎತ್ತರ ತೂಕ ನೋಡಿ ಸುರಿಯುತ್ತೀರಲ್ಲ, ಈ ಕಿಣ್ವಕ್ಕೆ ಪರೀಕ್ಷೆ ಇಲ್ಲವೇ ಎಂದು ಸಾಕಷ್ಟು ಜೋರಾಗಿಯೇ ಕೇಳಿದೆ.

ಡಾಕ್ಟರು ನನ್ನನ್ನು ಪೂರ್ತಿ ಮಾತಾಡಲು ಬಿಟ್ಟರು. “ಇಲ್ಲಿ ಆ ಪರೀಕ್ಷೆ ಇಲ್ಲ,” ಎಂದರು. “ಹೊರದೇಶದಲ್ಲೂ ಎಲ್ಲೋ ಕೆಲವು ಕಡೆ ಮಾತ್ರ ಇದೆ. ನಮಗೆ ಇರುವುದು ಒಂದೇ ದಾರಿ, ಮನೆಯವರನ್ನು ಕೇಳುವುದು.” ಕೇಸ್ ಪೇಪರ್ ತೆಗೆದು, ಆ ಸಾಲಿನ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿಸಿದರು. “ಕೇಳಿದ್ದೆವು. ಇದು ಯಾರ ಅಕ್ಷರ?”

“ನನ್ನದು,” ಎಂದೆ.

ಅವರು ಬಯ್ಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಆ ‘ಇಲ್ಲ’ವನ್ನು ಹೊಡೆದುಹಾಕಿ, ಪಕ್ಕದಲ್ಲಿ ನಾನು ಹೇಳಿದ್ದನ್ನೆಲ್ಲ ಬರೆದರು. ಪೂರ್ತಿ ನಿಲ್ಲಿಸೋಣವೇ ಎಂದು ಯೋಚಿಸಿ, ಕೊನೆಗೆ ಡೋಸನ್ನು ಅರ್ಧಕ್ಕಿಂತ ಕಡಿಮೆ ಮಾಡಿದರು. ದಿನಾ ಬಾಯಿ ನೋಡಿ, ರಕ್ತ ನೋಡಿ, ಆಮೇಲೆಯೇ ಮುಂದಿನ ಸೂಜಿ ಎಂದರು. ಹಾಗೆ ಕೊಟ್ಟದ್ದನ್ನು ಮಾವನ ದೇಹ ತಾಳಿಕೊಂಡಿತು. ಆಮೇಲೆ ಬಹಳ ವರ್ಷ ಅವರು ಅಲ್ಕಾಪುರಿಯಲ್ಲಿ ಸಾಂಬಾರನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿ ಅಡುಗೆಯವರನ್ನು ಬೈದರು. ಆದರೆ ಈಗ ಹೇಳುವುದು ಆ ಬೆಳಿಗ್ಗೆಯ ಮುಂದಿನ ಹತ್ತು ನಿಮಿಷದ ಮಾತು.

ಹೊರಗೆ ಬಂದು ಬೆಂಚಿನಲ್ಲಿ ಮಾವನ ಪಕ್ಕ ಕೂತೆ. ಅತ್ತೆ ರಕ್ತದ ರಿಪೋರ್ಟಿನ ಕಿಟಕಿಯ ಸಾಲಿನಲ್ಲಿದ್ದರು. “ಹೇಳಿದೆ ಮಾವ,” ಎಂದೆ. “ಕಾಯಿಲೆ ಅಲ್ಲ, ದೊಡ್ಡಮ್ಮನ್ನ ತೆಗೆದದ್ದು ಮದ್ದು. ನಿಮ್ಮ ಮೈಗೂ ಅದು ಆಗುದಿಲ್ಲ. ಡೋಸ್ ಅರ್ಧಕ್ಕಿಂತ ಕಮ್ಮಿ ಮಾಡಿದ್ರು.”

ಅವರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಅವರು ತಮ್ಮ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದರು. ಮದ್ದಿನಿಂದ ಕಪ್ಪಾಗಿ ಸುಲಿದಿದ್ದವು.

“ಮೂರ್ನೇ ದಿವ್ಸ ಅಕ್ಕ ಬೇಡ ಅಂದಿದ್ಳು,” ಎಂದರು. “ಬಾಯಿ ಉರೀತದೆ ತಮ್ಮಾ, ನನಗೆ ಸಾಕು, ಮನೆಗೆ ಕರ್ಕೊಂಡು ಹೋಗು ಅಂದ್ಳು. ನಾನು ಬೈದೆ. ಐದು ದಿವ್ಸದ್ದಲ್ವಾ, ಇಷ್ಟು ಸಹ ತಡಿಲಿಕ್ಕೆ ಆಗುದಿಲ್ವಾ ನಿನಗೆ ಅಂದೆ. ಕೈ ಹಿಡ್ಕೊಂಡು ಕೂರ್ಸಿ ಸೂಜಿ ಹಾಕ್ಸಿದೆ, ಎರಡು ದಿವ್ಸ.” ಅಂಗೈ ಮಡಚಿಕೊಂಡು ಹೇಳಿದರು: “ಮತ್ತೆ ನನಗೆ ಉರಿದಾಗ ನಾನು ಹೇಗೆ ಬೇಡ ಅನ್ನುದು?”

ತಿಂಗಳಿಂದ ನಾನು ಹೊತ್ತು ತಿರುಗಿದ್ದ ಸಿಟ್ಟು ಇಳಿಯಲು ಜಾಗ ಸಿಗದೆ ಎದೆಯಲ್ಲೇ ನಿಂತಿತು.

“ಒಳಗೆ ಹೋಗಿ ಒಂದು ಮಾತು ಕೇಳಿ ಬಾ,” ಎಂದರು. “ಮೂರ್ನೇ ದಿವ್ಸ ನಿಲ್ಸಿದ್ರೆ ಅಕ್ಕ ಬದುಕ್ತಿದ್ಳಾ ಅಂತ. ನನಗೆ ಕೇಳ್ಲಿಕ್ಕೆ ಬಾಯಿ ಬರುದಿಲ್ಲ.”

ಒಳಗೆ ಹೋದೆ. ಡಾಕ್ಟರು ಇನ್ನೊಬ್ಬ ರೋಗಿಯ ಕಾಗದ ನೋಡುತ್ತಿದ್ದವರು ತಲೆಯೆತ್ತಿದರು. ಕೇಳಿದೆ. ಅವರು ಸ್ವಲ್ಪ ಯೋಚಿಸಿ, “ಖಚಿತವಾಗಿ ಹೇಳಲಾರೆ. ಆದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಯಲ್ಲಿ ಇಟ್ಟುಕೊಂಡಿದ್ದರೆ, ಬಹುಶಃ ಬದುಕುತ್ತಿದ್ದರು,” ಎಂದರು.

ಬಾಗಿಲಿನಿಂದ ಬೆಂಚಿಗೆ ಹತ್ತು ಹೆಜ್ಜೆಯೂ ಇಲ್ಲ. ಮಾವ ನನ್ನ ಮುಖವನ್ನೇ ನೋಡುತ್ತಿದ್ದರು.

“ಇಲ್ಲವಂತೆ ಮಾವ,” ಎಂದೆ. “ಮೊದಲ್ನೇ ದಿನವೇ ಮದ್ದು ಮೈಗೆ ಹೊಕ್ಕುಬಿಟ್ಟಿತ್ತಂತೆ. ನಿಲ್ಸಿದ್ರೂ ಅಷ್ಟೇ ಆಗ್ತಿತ್ತಂತೆ.”

ಅವರು ತಲೆಯಾಡಿಸಿದರು. ಒಳಗಿನಿಂದ ನರ್ಸ್ ಅವರ ಹೆಸರು ಕೂಗಿದರು. ಮಾವ ನನ್ನ ಭುಜ ಹಿಡಿದು ಎದ್ದು ನಿಂತರು.

“ಆ ಕಾಗ್ದದಲ್ಲಿ ಇಲ್ಲ ಅಂತ ಬರೆಯುವಾಗ್ಲೂ,” ಎಂದರು, “ನಿನ್ನ ಮುಖ ಹೀಗೇ ಇತ್ತು.”

ಆಮೇಲೆ ಶರಟಿನ ತೋಳು ಮಡಚಿಕೊಳ್ಳುತ್ತಾ ಇಂಜೆಕ್ಷನ್ನಿನ ಕೋಣೆಗೆ ಹೋದರು.